ಅಟ್ಟದ ಕೆಳಗೆ ಹೇಳಬಾರದ ಪದ್ಯ

ತಲೆಬುಡವಿಲ್ಲದ ಪದ್ಯ ಹೇಳಿಕೊಟ್ಟರೆ ಮಕ್ಕಳು ಕೆಟ್ಟುಹೋಗುತ್ತಾರೆ ಎಂದು ನಂಬುವವರ ಸಂತತಿ ನಮ್ಮ ಕಡೆ ತೆಂಗಿಗಿಂತ ಸೊಂಪಾಗಿ ಬೆಳೆಯುತ್ತದೆ. ಅದಕ್ಕೆ ನೀರು ಬೇಡ, ಗೊಬ್ಬರ ಬೇಡ, ನುಸಿರೋಗವೂ ತಗಲುವುದಿಲ್ಲ. ಈ ಸಂತತಿಯ ಹಿರೀಕ ನನ್ನ ಒಡಹುಟ್ಟಿದ ಅಣ್ಣ. ತಿಪಟೂರಿನಿಂದ ಹಾಲ್ಕುರಿಕೆ ಕಡೆಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ಅವನ ತೋಟ, ಮನೆ. ನಾನು ಪ್ರೈಮರಿ ಶಾಲೆಯ ಟೀಚರ್ ಆಗಿದ್ದವಳು. ಮೂವತ್ತೊಂದು ವರ್ಷ ಪಾಠ ಹೇಳಿ, ನಿವೃತ್ತಳಾಗಿ, ತಿಪಟೂರಿನಲ್ಲಿ ಒಬ್ಬಳೇ ಇದ್ದೇನೆ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಅಣ್ಣನ ಮನೆಗೆ ಹೋಗಿ, ಊಟ ಮಾಡಿ, ಒಂದು ಸುತ್ತು ಜಗಳವಾಡಿ ವಾಪಸು ಬರುತ್ತೇನೆ.

ಅಣ್ಣನನ್ನು ಬೈಯುವ ಮೊದಲು ನನ್ನ ಪಾಪವನ್ನೂ ಹೇಳಿಬಿಡಬೇಕು. ಆ ಮೂವತ್ತೊಂದು ವರ್ಷ ನಾನು ಹೇಳಿಕೊಟ್ಟದ್ದೆಲ್ಲ ಸಭ್ಯ ಪದ್ಯಗಳೇ. ಅವುಗಳಲ್ಲಿ ಇರುವೆ ಸದಾ ದುಡಿಯುತ್ತಿತ್ತು, ಗುಬ್ಬಿ ಕಾಳನ್ನು ಹಂಚಿಕೊಂಡು ತಿನ್ನುತ್ತಿತ್ತು, ಬೆಕ್ಕು ಕೂಡ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಿತ್ತು. ಪದ್ಯ ಮುಗಿದ ಕೂಡಲೇ ನಾನು ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ನಾವು ಕಲಿಯುವ ನೀತಿ ಏನು? ಇಡೀ ತರಗತಿ ರಾಗವಾಗಿ ‘ಒಳ್ಳೆಯವರಾಗಿರಬೇಕು’ ಅನ್ನುತ್ತಿತ್ತು. ಯಾವ ಪದ್ಯಕ್ಕಾದರೂ ಸರಿಹೋಗುವ ಉತ್ತರ ಅದು. ಒಮ್ಮೆ ನಾನಿನ್ನೂ ಪುಸ್ತಕ ತೆರೆದಿರಲಿಲ್ಲ, ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ನೀತಿ ಹೇಳಿಯೇಬಿಟ್ಟಳು. ನಾನು ಜಾಣೆ ಎಂದು ಬೆನ್ನು ತಟ್ಟಿದೆ. ಸುಳ್ಳು ಹೇಳಬಾರದು ಎಂಬ ಪದ್ಯವನ್ನು ನನ್ನೆದುರು ಒಂದಕ್ಷರ ತಪ್ಪದೆ ಒಪ್ಪಿಸಿದವರಲ್ಲಿ ಇಬ್ಬರು ಈಗ ರಾಜಕೀಯದಲ್ಲಿದ್ದಾರೆ. ಇಬ್ಬರೂ ಚೆನ್ನಾಗಿಯೇ ಇದ್ದಾರೆ.

ನಿವೃತ್ತಿಯಾದ ಮೇಲೆ ಇದರ ಸೇಡು ತೀರಿಸಿಕೊಳ್ಳುವವಳ ಹಾಗೆ ಹುಚ್ಚುಹುಚ್ಚು ಪದ್ಯಗಳನ್ನು ಬರೆಯತೊಡಗಿದೆ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಭಾಗ ಅದಕ್ಕೆ ಸಾಕು. ಅಲ್ಲಿ ಎಮ್ಮೆ ಬ್ಯಾಂಕಿಗೆ ಹೋಗುತ್ತದೆ, ಸೌತೆಕಾಯಿ ಕನ್ನಡಕ ಹಾಕಿಕೊಳ್ಳುತ್ತದೆ. ಯಾರಿಗೂ ಕಾಸಿನ ಉಪಯೋಗವಿಲ್ಲ. ನೀತಿ ಏನು ಎಂದು ಕೇಳಿದವರಿಗೆ ನಾನೇ ಎರಡು ಬಿಡುತ್ತೇನೆ.

ಈ ಪದ್ಯಗಳಿಗಿದ್ದ ಒಬ್ಬಳೇ ಓದುಗಿ ಅಣ್ಣನ ಮೊಮ್ಮಗಳು. ಅವನ ಮಗನ ಮಗಳು, ಆಗ ಒಂದನೆಯ ತರಗತಿ. ನನ್ನನ್ನು ‘ಟೀಚರಜ್ಜಿ’ ಅನ್ನುತ್ತಾಳೆ. ಒಂದು ಭಾನುವಾರ ಮಧ್ಯಾಹ್ನ ನನ್ನ ಪಕ್ಕದಲ್ಲಿ ಅಂಗಾತ ಮಲಗಿ, ಅಟ್ಟದ ಹಲಗೆಗಳನ್ನು ನೋಡುತ್ತಾ, ‘ಅದ್ರ ಮ್ಯಾಲೆ ಏನೈತೆ ಟೀಚರಜ್ಜಿ?’ ಎಂದಳು. ಕಾಯಿ ಇದೆ ಅಂದೆ. ‘ಇನ್ನೇನೈತೆ?’ ಎಂದಳು. ಒಂಟೆ ಇದೆ ಅಂದೆ. ಅಲ್ಲೇ ಕಟ್ಟಿದ ಪದ್ಯ ಇದು:

ಅಟ್ಟದ ಮೇಲೆ ಒಂಟೆಗೆ ನೆಗಡಿ,
ಸೀನಿದ ರಭಸಕೆ ಹಾರಿತು ಪಗಡಿ!
ಕೊಬ್ಬರಿ ಎಲ್ಲಾ ಕೊಳೆತೇ ಹೋಯ್ತು,
ಇಲಿಗಳ ಮನೆಯಲಿ ಒಬ್ಬಟ್ಟಾಯ್ತು!
ಡಿಂಬಕ ಡಿಂಬಕ ಟುಸ್ಸು!

ಟುಸ್ಸು ಅನ್ನುವಲ್ಲಿ ಅವಳು ನೆಲಕ್ಕೆ ಬಿದ್ದು ಹೊರಳಾಡಿ ನಕ್ಕಳು. ಸಂಜೆಯೊಳಗೆ ಹಾಲಿನ ಡೈರಿಯವರಿಗೆ, ನಲ್ಲಿ ನೀರು ಬಿಡುವವನಿಗೆ, ಮಠದಿಂದ ಯಾವುದೋ ಕೆಲಸಕ್ಕೆ ಬಂದಿದ್ದ ಹಿರಿಯರಿಗೂ ಅದನ್ನು ಒಪ್ಪಿಸಿ ಬಂದಿದ್ದಳು. ಆ ಹಿರಿಯರು ಇನ್ನೊಂದು ಸಲ ಹೇಳಿಸಿಕೊಂಡರಂತೆ.

ಕೇಳಿ ಸಹಿಸದವನು ಅಣ್ಣ ಒಬ್ಬನೇ.

‘ಏನಮ್ಮ ನೀನು? ಮೂವತ್ತು ವರ್ಷ ಮೇಷ್ಟ್ರಾಗಿದ್ದೋಳು ಮಗೀಗೆ ಇಂಥದ್ದಾ ಹೇಳ್ಕೊಡೋದು? ಇದ್ರಾಗೆ ಏನರ್ಥ ಐತೆ?’ ಎಂದ.

‘ಏನೂ ಇಲ್ಲ ಕಣಣ್ಣ. ಅದಕ್ಕೇ ಮಗು ನಗ್ತಾ ಇರೋದು,’ ಅಂದೆ.

‘ಅರ್ಥ ಇಲ್ದಿದ್ರೆ ಹಾಳಾಗೋಗ್ಲಿ. ಅಟ್ಟದ ಕೆಳಗೆ ನಿಂತ್ಕಂಡು ಕೊಬ್ರಿ ಕೊಳೀತು ಅಂತ ಅನ್ನಬೋದೇನಮ್ಮ?’

ನಮ್ಮ ಕಡೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿ ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಮನೆಯ ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಷ್ಟು ಕಾಲವೂ ಮನೆಮಂದಿಯ ಊಟ, ನಿದ್ದೆ, ಟಿ.ವಿ. ಎಲ್ಲ ಆ ಅಟ್ಟದ ಕೆಳಗೇ ನಡೆಯಬೇಕು. ಅದಕ್ಕೇ ನಮ್ಮ ಮನೆಯಲ್ಲಿ ಕೆಲವು ಮಾತುಗಳನ್ನು ಅಟ್ಟದ ಕೆಳಗೆ ಆಡುವಂತಿಲ್ಲ. ಕೊಳೆತಿದೆ ಅನ್ನಬಾರದು, ಖಾಲಿ ಅನ್ನಬಾರದು. ಅಂದರೆ ಅಟ್ಟ ಕೇಳಿಸಿಕೊಳ್ಳುತ್ತದೆ, ಹಾಗೇ ಆಗುತ್ತದೆ ಎಂದು ನಂಬಿಕೆ.

ಇದೇ ಮನೆಯಲ್ಲಿ ಅಕ್ಕಿ ಮುಗಿದ ದಿನ ಅತ್ತಿಗೆ ‘ಅಕ್ಕಿ ತುಂಬೈತೆ’ ಅನ್ನುತ್ತಾಳೆ, ಅಣ್ಣ ತಕ್ಷಣ ಚೀಲ ಹಿಡಿದು ಅಂಗಡಿಗೆ ಹೊರಡುತ್ತಾನೆ. ದೀಪ ಆರಿಸಬೇಕಾದರೆ ‘ದೊಡ್ಡದು ಮಾಡು’ ಅನ್ನುತ್ತಾರೆ. ಮನೆ ಬಿಟ್ಟು ಹೋಗುವವರು ‘ಬತ್ತೀನಿ’ ಅನ್ನುತ್ತಾರೆ. ಕಾಯಿ ಎಣಿಸುವಾಗ ಒಂದು ಅನ್ನುವ ಬದಲು ‘ಲಾಭ’ ಎಂದು ಶುರುಮಾಡುತ್ತಾರೆ. ಹುಟ್ಟಿದಾಗಿನಿಂದ ಹೀಗೆ ತಲೆಕೆಳಗಾಗಿ ಮಾತನಾಡಿಕೊಂಡು ಬಂದ ಮಹನೀಯರಿಗೆ ಒಂಟೆಗೆ ನೆಗಡಿಯಾದದ್ದು ಮಾತ್ರ ಅರ್ಥವಾಗಲಿಲ್ಲ. ಇದನ್ನೆಲ್ಲ ಅಣ್ಣನ ಮುಖಕ್ಕೇ ಹೇಳಿದೆ. ‘ಓದಿದೋರ ಜೊತೆ ಮಾತಾಡ್ಬಾರ್ದು’ ಎಂದು ಟವಲ್ಲು ಕೊಡವಿ ಎದ್ದುಹೋದ.

ಎರಡು ತಿಂಗಳ ಮೇಲೆ ಅಟ್ಟದ ಕಾಯಿ ಇಳಿಸಿದರು. ಅವತ್ತೂ ಭಾನುವಾರ, ನಾನು ಅಲ್ಲೇ ಇದ್ದೆ. ಕಾಯಿ ಸುಲಿಯಲು ಚಿಕ್ಕನಾಯಕನಹಳ್ಳಿ ಕಡೆಯಿಂದ ವರ್ಷ ವರ್ಷ ಬರುವ ಹಿರಿಯನೊಬ್ಬ ಅಂಗಳದಲ್ಲಿ ಕೂತಿದ್ದ. ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗೆ ಕೊಬ್ಬರಿ ಲೊಟಲೊಟ ಅಂದರೆ ಸರಿ, ಇಲ್ಲದಿದ್ದರೆ ಪಕ್ಕಕ್ಕೆ. ಆ ದಿನ ಪಕ್ಕದ ರಾಶಿಯೇ ಎದ್ದು ಕಾಣತೊಡಗಿತು. ಒಂದನ್ನು ಒಡೆದ. ಬಂದ ವಾಸನೆಗೆ ಅತ್ತಿಗೆ ಸೆರಗು ಮೂಗಿಗೆ ಒತ್ತಿಕೊಂಡು ಒಳಗೆ ಹೋದಳು. ಇನ್ನೊಂದು ಒಡೆದ, ಅದೂ ಅಷ್ಟೇ.

ಅಣ್ಣ ಆ ರಾಶಿ ನೋಡಿದ. ಆಮೇಲೆ ತಿರುಗಿ ಮೊಮ್ಮಗಳ ಕಡೆ ನೋಡಿದ.

‘ಹೇಳಿದ್ನಾ ಇಲ್ವಾ? ಆ ಪದ್ಯ ಹೇಳ್ಬ್ಯಾಡ ಅಂತ ಹೇಳಿದ್ನಾ ಇಲ್ವಾ? ಇವ್ಳು ಬಾಯಿಂದ ಅಂದ್ಲು, ಅಟ್ಟ ಕೇಳಿಸ್ಕಂತು. ನೋಡಿ ಈಗ!’

ಸುಲಿಯುವ ಹಿರಿಯ ತಲೆ ಎತ್ತದೆ, ‘ಎಳಗಾಯಿ ಏರ್ಸಿದ್ರೆ ಇನ್ನೇನಾಯ್ತದೆ ಯಜಮಾನ್ರೇ? ಇನ್ನೊಂದು ತಿಂಗ್ಳು ಮರದಾಗೇ ಇರ್ಲಿ ಅಂತ ಅವತ್ತೇ ಬಡ್ಕಂಡೆ’ ಎಂದ. ‘ನೀನು ಸುಲಿ, ಸಾಕು’ ಎಂದ ಅಣ್ಣ.

ನಾನು ನಕ್ಕುಬಿಟ್ಟೆ. ಅದು ನನ್ನ ತಪ್ಪು. ಅಣ್ಣನ ದಡ್ಡತನ ಇಷ್ಟು ಚೆನ್ನಾಗಿ ಕೈಗೆ ಸಿಕ್ಕಾಗ ಬಿಡಲು ಮನಸ್ಸಾಗಲಿಲ್ಲ. ಎಳಗಾಯಿ ಏರಿಸಿದ್ದು, ಕೆಳಗೆ ಒಲೆ ಕಿತ್ತು ಗ್ಯಾಸ್ ಇಟ್ಟ ಮೇಲೆ ಅಟ್ಟಕ್ಕೆ ಕಾಯಿ ಒಣಗಿಸುವ ಹೊಗೆಯೇ ಇಲ್ಲದಿದ್ದದ್ದು, ಹೆಂಚು ಸೋರುತ್ತಿದ್ದದ್ದು ಎಲ್ಲ ಎತ್ತಿ ಆಡಿದೆ. ಒಂದು ಗಂಟೆ ಇಬ್ಬರೂ ಕಿತ್ತಾಡಿದೆವು. ಅಷ್ಟು ಹೊತ್ತೂ ಮಗು ಕೊಳೆತ ಕಾಯಿಗಳ ಪಕ್ಕದಲ್ಲೇ ನಿಂತಿತ್ತಂತೆ. ನಾನು ನೋಡಲೇ ಇಲ್ಲ.

ಆ ವಾರ ಅಣ್ಣ ತಿಪಟೂರಿಗೆ ಬಂದು ಒಂದು ದಪ್ಪ ಬಣ್ಣದ ಪುಸ್ತಕ ಕೊಂಡುಹೋದ. ಸಭ್ಯ ಪದ್ಯಗಳದ್ದು. ಪ್ರತಿ ಪದ್ಯದ ಕೆಳಗೂ ಚೌಕದೊಳಗೆ ನೀತಿ ಅಚ್ಚುಹಾಕಿದ್ದರು, ಮಕ್ಕಳು ಎಲ್ಲಿಯಾದರೂ ತಾವೇ ಯೋಚಿಸಿಬಿಟ್ಟಾರು ಎಂದು. ಒಂದು ತಿಂಗಳಲ್ಲಿ ಹುಡುಗಿ ನಾಲ್ಕು ಪದ್ಯ ಬಾಯಿಪಾಠ ಮಾಡಿದಳು. ಶಾಲೆಯಲ್ಲಿ ಹಿರಿಯರ ಮಾತು ಕೇಳಬೇಕು ಎಂಬ ಪದ್ಯವನ್ನು ಕೈಕಟ್ಟಿ ಹೇಳಿ ಊಟದ ಡಬ್ಬಿ ಬಹುಮಾನ ತಂದಳು. ಜಗಳವಾದಾಗಿನಿಂದ ನಾನು ಆ ಕಡೆ ತಲೆಹಾಕಿರಲಿಲ್ಲ. ಅಣ್ಣ ಅವತ್ತೇ ಫೋನು ಮಾಡಿದ.

‘ಮಗು ಎಷ್ಟು ಸುಧಾರ್ಸೈತೆ ಗೊತ್ತೇನಮ್ಮ? ಮನೇಲಿ ಒಂದು ಸದ್ದಿಲ್ಲ. ಒಳ್ಳೇ ಪದ್ಯ ಅಂದ್ರೆ ಹಿಂಗಿರ್ಬೇಕು.’

ನನಗೆ ಮೈ ಉರಿಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ? ಇದ್ದ ಒಬ್ಬಳೇ ಓದುಗಿ ಆ ಚೌಕದ ನೀತಿಗೆ ಒಲಿದುಬಿಟ್ಟಳಲ್ಲ ಎಂದು ಮತ್ತೂ ಮೂರು ಭಾನುವಾರ ಆ ಕಡೆ ಹೋಗಲಿಲ್ಲ.

ನಾಲ್ಕನೆಯ ಭಾನುವಾರ ಹೋದಾಗ ಅವಳು ಬಾಗಿಲಲ್ಲೇ ಸಿಕ್ಕಿ, ಕೈಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗಿ ಡಬ್ಬಿಯ ಸುದ್ದಿ ಹೇಳಿದಳು. ಸಂತೋಷಕ್ಕೆ ಹೀಗೆ ಮಾಡುತ್ತಿದ್ದಾಳೆ ಅಂದುಕೊಂಡೆ. ಊಟಕ್ಕೆ ಕೂತೆವು. ನಡುವೆ ಅವಳು ಎದ್ದು, ಎಂಜಲು ಕೈಯಲ್ಲೇ ಹೊಸ್ತಿಲು ದಾಟಿ, ಅಂಗಳದಲ್ಲಿ ನಿಂತು ‘ಅಮ್ಮಾ, ಇನ್ನೊಸಿ ಸಾರು’ ಎಂದು ಕೂಗಿ, ಮತ್ತೆ ಬಂದು ತಟ್ಟೆಯ ಮುಂದೆ ಕೂತಳು. ಅವಳ ಅಮ್ಮ ಸಾರು ಬಡಿಸಿದಳು. ಕೆಂಕೆರೆ ಕಡೆಯ ಹುಡುಗಿ, ಮೆದು ಸ್ವಭಾವ, ಆಗ ಎರಡನೆಯ ಬಸಿರಿಗೆ ಏಳು ತಿಂಗಳು. ಅಣ್ಣ ಮುದ್ದೆ ಮುರಿಯುತ್ತಾ ಇದ್ದ.

‘ಇದೇನು ಅತ್ತಿಗೆ?’ ಅಂದೆ.

‘ಅದೊಂದು ಆಟ ಕಲ್ತವ್ಳೆ ಬುಡಿ. ಒಳಗೆ ಒಂದು ಮಾತಾಡಕಿಲ್ಲ. ಏನಿದ್ರೂ ಆಚೆ ಹೋಗೇ ಹೇಳ್ಬೇಕು,’ ಎಂದಳು ಅತ್ತಿಗೆ.

ಊಟವಾದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳನ್ನು ಕೂರಿಸಿಕೊಂಡು ಕೇಳಿದೆ.

‘ಒಳಗೆ ಯಾಕೆ ಮಾತಾಡಲ್ಲ ನೀನು?’

‘ಅಟ್ಟ ಕೇಳಿಸ್ಕೊಳ್ತದೆ.’

‘ಕೇಳಿಸ್ಕೊಂಡ್ರೆ ಏನಾಯ್ತದೆ?’

‘ಕೊಳೀತದೆ.’ ಕಲ್ಲಿನ ಮೇಲಿನ ಸೋಪಿನ ಚೂರು ಕೆರೆದಳು. ‘ಪಾಪೂನೂ ಅಟ್ಟದ ಕೆಳಗೇ ಮಲಗ್ತದಲ್ವಾ ಟೀಚರಜ್ಜಿ. ಅಮ್ಮನ ಹೊಟ್ಟೇಲಿ.’

ಮನೆಯವರೆಲ್ಲ ಶಿಸ್ತು ಎಂದು ಮೆಚ್ಚಿಕೊಂಡದ್ದು ಇದನ್ನು, ಬಹುಮಾನದ ಡಬ್ಬಿ ತಿಕ್ಕಿ ಕಪಾಟಿನಲ್ಲಿಟ್ಟದ್ದೂ ಇದಕ್ಕೇ. ತನ್ನ ಬಾಯಿ ತೆರೆದರೆ ತಮ್ಮನೋ ತಂಗಿಯೋ ಕೊಳೆತುಹೋಗುತ್ತದೆ ಎಂದು ಆರು ವರ್ಷದ ಮಗು ಎರಡು ತಿಂಗಳಿಂದ ಅಮ್ಮನ ಪಕ್ಕದಲ್ಲಿ ಬಾಯಿಮುಚ್ಚಿಕೊಂಡು ಮಲಗಿತ್ತು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸೀದಾ ಒಳಗೆ ಹೋಗಿ ಅಣ್ಣನಿಗೆ ಎಲ್ಲ ಹೇಳಿದೆ. ಅವನ ಮುಖ ಸಣ್ಣದಾಯಿತು, ಆದರೂ ‘ಮಕ್ಳಲ್ವಾ, ಮರ್ತೋಯ್ತದೆ ಬುಡು’ ಎಂದ.

‘ಮರೆಯಲ್ಲ. ನೀನು ಅಂದದ್ದು ನೀನೇ ಬಿಡಿಸ್ಬೇಕು. ಇಲ್ಲೇ ಅಟ್ಟದ ಕೆಳಗೆ ನಿಂತ್ಕೊಂಡು ಆ ಪದ್ಯ ಒಂದ್ಸಲ ಹೇಳಣ್ಣ. ಮಗು ನೋಡ್ಲಿ, ಏನೂ ಆಗಲ್ಲ ಅಂತ.’

‘ನಾನಾ?’ ಎಂದು ಅಟ್ಟದ ಕಡೆ ನೋಡಿದ. ‘ಹೊಸ ಕಾಯಿ ಏರ್ಸಿವ್ನಿ ಕಣಮ್ಮ. ಸುಮ್ನಿರು.’

ಚಪ್ಪಲಿ ಮೆಟ್ಟಿ ತೋಟಕ್ಕೆ ಹೊರಟೇಹೋದ. ಇದರಲ್ಲಿ ಏನರ್ಥ ಐತೆ ಎಂದು ಕೇಳಿದ ಮನುಷ್ಯ! ನನ್ನ ಐದು ಸಾಲಿಗೆ ಅಷ್ಟು ಭಾರೀ ಅರ್ಥ ಕೊಟ್ಟ ವಿಮರ್ಶಕ ಈ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ. ಪುಕ್ಕಲ ಎಂದು ಅವನ ಬೆನ್ನಿಗೇ ಕೂಗಿದೆ.

ಆಮೇಲೆ ಮಗುವನ್ನು ಒಳಗೆ ಕರೆದು, ಅಟ್ಟದ ನಡುಮಧ್ಯಕ್ಕೆ ಸರಿಯಾಗಿ ಕೆಳಗೆ, ಚಾಪೆಯ ಮೇಲೆ ತೊಡೆಯಲ್ಲಿ ಕೂರಿಸಿಕೊಂಡೆ. ‘ನಿಮ್ತಾತ ಹೇಳ್ದಿದ್ರೆ ಹೋಗ್ಲಿ, ನಾನು ಹೇಳ್ತೀನಿ ನೋಡು’ ಅಂದೆ. ಅವಳು ನನ್ನ ಬಾಯನ್ನೇ ನೋಡುತ್ತಾ ಕೂತಳು. ಗಟ್ಟಿಯಾಗಿ, ತರಗತಿಯಲ್ಲಿ ಹೇಳುವ ಹಾಗೆ ಶುರುಮಾಡಿದೆ. ಒಂಟೆಗೆ ನೆಗಡಿಯಾಯಿತು. ಅಷ್ಟರಲ್ಲಿ ಅವಳ ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಕಂಬಕ್ಕೆ ಒರಗಿ ನಿಧಾನವಾಗಿ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಾ ಕೇಳತೊಡಗಿದಳು. ಪಗಡಿ ಹಾರಿತು.

ನನ್ನ ಕಣ್ಣು ಆ ಕೈಯ ಮೇಲೆ ನಿಂತಿತು. ಮುಂದಿನ ಸಾಲು, ಕೊಬ್ಬರಿ ಕೊಳೆಯುವ ಸಾಲು, ನಾಲಿಗೆಯ ತುದಿಯಲ್ಲೇ ಇತ್ತು, ಕಟ್ಟಿದವಳು ನಾನೇ. ಆದರೂ ಅದನ್ನು ಹಾರಿಸಿಬಿಟ್ಟೆ. ಇಲಿಗಳ ಮನೆಯ ಒಬ್ಬಟ್ಟಿಗೆ ನೇರವಾಗಿ ಹೋಗಿ, ಯಾರಿಗೂ ತಿಳಿಯದಿರಲಿ ಎಂದು ಇನ್ನೂ ಜೋರಾಗಿ ಹೇಳಿ, ಟುಸ್ಸು ಎಂದು ಚಪ್ಪಾಳೆ ತಟ್ಟಿದೆ. ಅವಳ ಅಮ್ಮ ನಕ್ಕಳು. ಮಗು ನಗಲಿಲ್ಲ. ಬಾಯಿಯೂ ತೆರೆಯಲಿಲ್ಲ. ತೊಡೆಯಿಂದ ಇಳಿದು, ನನ್ನ ಬೆರಳು ಹಿಡಿದು ಎಬ್ಬಿಸಿ, ಹೊಸ್ತಿಲು ದಾಟಿಸಿ ಅಂಗಳಕ್ಕೆ ಕರೆತಂದಳು.

‘ಇಲ್ಲಿ ಹೇಳು ಟೀಚರಜ್ಜಿ,’ ಎಂದಳು ಮೆಲ್ಲಗೆ. ‘ಇಲ್ಲಿ ಹೇಳಿದ್ರೆ ಏನೂ ಆಗಲ್ಲ. ಹೆದ್ರಬ್ಯಾಡ.’

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಲ್ಲೇ ಬಿಸಿಲಲ್ಲಿ ನಿಂತು ಹೇಳಿದೆ, ಒಂದು ಸಾಲೂ ಬಿಡದೆ.