ಇಲಿಯ ಔಷಧ ಬೇಡವೆಂದ ದೊಡ್ಡಪ್ಪ

ತಂಬಾಕಿಗೆ ಸುಣ್ಣ ಹಾಕಿ ತಿಕ್ಕಿ ತಿಕ್ಕಿ ದೊಡ್ಡಪ್ಪನ ಹೆಬ್ಬೆರಳು ಹಳದಿಗಟ್ಟಿತ್ತು. ಅದೇ ಹೆಬ್ಬೆರಳಿನಿಂದ ಸಾಯಗಾಂವದ ಜನರ ಕೆಳರೆಪ್ಪೆ ಎಳೆದು ನೋಡಿ ರೋಗ ಹೇಳುತ್ತಿದ್ದ. "ನೆತ್ತರ ಅದ, ಹೋಗು" ಎಂದರೆ ಮುಗಿಯಿತು, ಅವನ ಪ್ರಕಾರ ಆ ಮನುಷ್ಯ ಸಾಯುವಂತಿಲ್ಲ.

ಮಳೆ ಕೈಕೊಟ್ಟ ವರ್ಷಗಳವು. ಅರ್ಧ ಊರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಯಿತು, ಅಪ್ಪನೂ ಹೋದ. ದೊಡ್ಡಪ್ಪ ಹೋಗಲಿಲ್ಲ. "ಮನಿ ಕಾಯೋರು ಒಬ್ರು ಬೇಕಲ್ಲ?" ಎನ್ನುತ್ತಿದ್ದ. ಅವನು ಕಾದದ್ದು ಕಟ್ಟೆಯನ್ನು. ನೀರಿನ ಟ್ಯಾಂಕರ್ ಬಂದಾಗ ಹೆಂಗಸರು ಕೊಡ ಹಿಡಿದು ಬಡಿದಾಡಿದರೆ, ಇವನು ಬೇವಿನ ನೆರಳಲ್ಲಿ ಕೂತು ಸರದಿ ಕೂಗುತ್ತಿದ್ದ. ಅವ್ವ ಹೊತ್ತು ತಂದ ಮೊದಲ ಕೊಡ ಅವನ ಸ್ನಾನಕ್ಕೆ.

ಅಂಥ ಒಂದು ಬೇಸಿಗೆಯಲ್ಲಿ ಅವ್ವನ ಕಣ್ಣುಗಳು ಹಳದಿಯಾದವು. ಕೊಡ ಎತ್ತಿದರೆ ಏದುಸಿರು. ತಮ್ಮನ ಹೆಂಡತಿಯನ್ನು ಮುಟ್ಟುವಂತಿಲ್ಲವಲ್ಲ, ದೊಡ್ಡಪ್ಪ ದೂರದಿಂದಲೇ "ಕಾಮಣಿ" ಎಂದು ಕಾಮಾಲೆಯ ತೀರ್ಪು ಕೊಟ್ಟು, ಔರಾದಿನ ಕಡೆಯಿಂದ ಯಾವುದೋ ಬೇರು ತರಿಸಿ ಕುಡಿಸಿದ. ಅವ್ವ ಟ್ಯಾಂಕರಿನ ಮುಂದೆಯೇ ಬಿದ್ದಳು. ಬೀದರಿನ ಚಿದ್ರಿಯಲ್ಲಿ ಕೋಣೆ ಹಿಡಿದು ಓದುತ್ತಿದ್ದ ನಾನು ಬಂದು ಅವಳನ್ನು ಆಸ್ಪತ್ರೆಗೆ ಸೇರಿಸಿದೆ.

"ಇದು ಕಾಮಣಿ ಅಲ್ರಿ," ಎಂದರು ಡಾಕ್ಟರಮ್ಮ. "ಇವರ ಮೈಯೇ ತನ್ನ ರಕ್ತ ತಾನೇ ಒಡೀಲಿಕ್ಕತ್ತದ."

ಸ್ಟಿರಾಯ್ಡ್ ಗುಳಿಗೆಯಿಂದ ರಕ್ತ ಏರಿತು, ಅವ್ವನ ಮುಖ ರೊಟ್ಟಿಯಂತೆ ಉಬ್ಬಿತು. "ನಮ್ಮ ಮನಿ ತುಪ್ಪದ ಕಸುವು" ಎಂದು ದೊಡ್ಡಪ್ಪ ಊರೆಲ್ಲ ಹೇಳಿಕೊಂಡ. ಮನೆಯಲ್ಲಿ ತುಪ್ಪವಿದ್ದರೆ ತಾನೇ! ಗುಳಿಗೆ ಕಡಿಮೆ ಮಾಡಿದಾಗಲೆಲ್ಲ ರಕ್ತ ಮತ್ತೆ ಇಳಿಯುತ್ತಿತ್ತು. ಕೊನೆಗೆ ಡಾಕ್ಟರಮ್ಮ ಬೇರೆ ದಾರಿ ಹೇಳಿದರು. ರಕ್ತ ಒಡೆಯುವ ಪ್ರತಿಕಾಯಗಳನ್ನು ಹುಟ್ಟಿಸುವ ಜೀವಕೋಶಗಳಿರುತ್ತವೆ; ಅವನ್ನೇ ಹುಡುಕಿ ಹಿಡಿಯುವ ಇನ್ನೊಂದು ಪ್ರತಿಕಾಯವನ್ನು ವಾರಕ್ಕೊಮ್ಮೆ ಸಲಾಯಿನ್‌ನಲ್ಲಿ ಏರಿಸುವುದು. ಎಲ್ಲರಿಗೂ ಗುಣ ಕೊಡುವುದಿಲ್ಲ ಎಂದೂ ಎಚ್ಚರಿಸಿದರು.

"ಯಾತರಾಗ ಮಾಡ್ತಾರ ಅದು?" ಅಂದು ಜೊತೆಗೆ ಬಂದಿದ್ದ ದೊಡ್ಡಪ್ಪ ಕೇಳಿದ. ಅದರ ಒಂದು ಅಂಶ ಮೊದಲು ಇಲಿಯಿಂದ ಪಡೆದದ್ದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅಷ್ಟು ಸಾಕಾಯಿತು. ಸಂಜೆಯೊಳಗೆ ಕಟ್ಟೆಯ ತುಂಬ ಇಲಿಯೇ ಇಲಿ. ಅಪ್ಪ ಫೋನಿನಲ್ಲಿ, "ಅಣ್ಣ ಹೇಳಿದಂಗ ಕೇಳ್ರಿ" ಎಂದ. ಅಪ್ಪನಿಂದ ನಾನು ಹೆಚ್ಚಿನದನ್ನು ನಿರೀಕ್ಷಿಸಿಯೂ ಇರಲಿಲ್ಲ.

ಮರುದಿನ ಆ ಔಷಧಕ್ಕೆಂದು ನಾವು ಹೊರಟಾಗ ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತ. "ಆ ಹೊಲಸು ಏರಿಸ್ಕೊಂಡ್ ಬಂದ್ರ ನಮ್ಮ ಒಲಿ ಮುಟ್ಟಬ್ಯಾಡ."

ಭಾವನ ಮುಂದೆ ಅಲ್ಲಿಯವರೆಗೆ ಅವ್ವ ಬಾಯಿ ಬಿಟ್ಟವಳಲ್ಲ. ಬಾಗಿಲ ಚೌಕಟ್ಟು ಹಿಡಿದು ಉಸಿರು ಸುಧಾರಿಸಿಕೊಂಡಳು. "ಭಾವನೋರೆ, ನನ್ನ ಮೈಯೇ ನನಗ ಕಚ್ಚಲಿಕ್ಕತ್ತದ. ಇಲಿ ಬಂದು ಬಿಡಿಸ್ತೀನಿ ಅಂದ್ರ ಹ್ಯಾಂಗ ಬ್ಯಾಡ ಅನ್ಲಿರಿ? ಒಲಿ ನೀವೇ ಇಟ್ಕೋರಿ. ರೊಟ್ಟಿ ಬಡೀಲಿಕ್ಕಿ ಬರ್ತದಲ್ಲ ನಿಮಗ?"

ಅವನು ಪಕ್ಕಕ್ಕೆ ಸರಿದ. ನಾವು ಭಾಲ್ಕಿಗೆ ಹೋಗಿ ಬೀದರಿನ ಬಸ್ಸು ಹಿಡಿದೆವು.

ಮೊದಲ ಸಲ ಔಷಧ ಏರುವಾಗ ಅವ್ವ ಗಡಗಡ ನಡುಗಿದಳು. ನರ್ಸ್ ಹನಿ ನಿಧಾನ ಮಾಡಿದ ಮೇಲೆ ತಡೆದುಕೊಂಡಳು. ನನ್ನ ಕೋಣೆಯಲ್ಲೇ ವಾರಗಳು ಕಳೆದರೂ ಗುಣವೇನೂ ಕಾಣಲಿಲ್ಲ. ನಾವು ಸೋತೆವೆಂದು ದೊಡ್ಡಪ್ಪ ಊರಿಗೆ ಸಾರಿದ. ಆಮೇಲೆ ಮೆಲ್ಲಗೆ ಕಣ್ಣಿನ ಹಳದಿ ಹೋಯಿತು. ಗುಳಿಗೆ ಇಳಿಸಿದರು. ಈ ಸಲ ರಕ್ತ ಇಳಿಯಲಿಲ್ಲ. ಅವ್ವ ಊರಿಗೆ ಹೋಗಿ ಅದೇ ಒಲೆಯ ಮುಂದೆ ಕೂತಳು, ದೊಡ್ಡಪ್ಪ ಅವಳು ಬಡಿದ ರೊಟ್ಟಿಯನ್ನೇ ಉಂಡ.

ಕೆಲವು ವರ್ಷಗಳ ನಂತರ ಅವನು ಮಲಗಿದಲ್ಲೇ ತೀರಿಕೊಂಡ. ಮಣ್ಣು ಮಾಡಲು ಬಂದವರು, ಓದಿದ ಮಗಳು ಎರಡು ಮಾತು ಹೇಳಲಿ ಎಂದು ನನ್ನನ್ನು ಮುಂದೆ ತಳ್ಳಿದರು. "ನಮ್ಮ ಮನಿಗಿ ದೊಡ್ಡವ್ರು ಇದ್ರು" ಎಂದಷ್ಟೇ ಹೇಳಿ ಹಿಂದೆ ಸರಿದೆ.

ಮನೆಗೆ ಬರುವಾಗ ಅವ್ವನನ್ನು ಕೇಳಿದೆ. "ಇನ್ನಾ ಸ್ವಲ್ಪ ಹೇಳ್ಬೇಕಿತ್ತೇನವ್ವ?"

"ಅಷ್ಟೂ ಹೆಚ್ಚಾಯ್ತು ಬಿಡು," ಎಂದಳು ಅವ್ವ.