ಅಮ್ಮ ನೆನೆಹಾಕಿದ ಲಕೋಟೆಗಳು

ಅಪ್ಪ ಮದರಾಸಿನಲ್ಲಿ ಹಳೆಯ ಸ್ಟಾಂಪು, ನಾಣ್ಯಗಳ ವ್ಯಾಪಾರಿ. ಬ್ರಿಟಿಷರು ಇನ್ನೂ ಇದ್ದ ಕಾಲದಲ್ಲಿ ಬಂದರಿನ ಹತ್ತಿರದ ಆಫೀಸುಗಳು ಎಸೆದ ಲಕೋಟೆಗಳನ್ನು ಆಯ್ದು ಮಾರುತ್ತಾ ಶುರುಮಾಡಿದವರು. ವಯಸ್ಸು ಐವತ್ತು ದಾಟಿದ ಮೇಲೆ ಅಂಗಡಿ ಮುಚ್ಚಿ ವಿದ್ವಾಂಸರಾದರು. ಹೈಸ್ಕೂಲು ಮುಗಿಸದ ಮನುಷ್ಯ ಕುಂಪಣಿ ಕಾಲದ ಅಂಚೆ, ಟಂಕಸಾಲೆಗಳ ಬಗ್ಗೆ ಇಂಗ್ಲಿಷಿನಲ್ಲಿ ಲೇಖನ ಬರೆದರು. ಅಣ್ಣಾ ನಗರದ ನಮ್ಮ ಮನೆಗೆ ಪ್ರಾಧ್ಯಾಪಕರು ಚಪ್ಪಲಿ ಬಿಟ್ಟು ಬರುವಂತಾಯಿತು.

ಅಮ್ಮನನ್ನು ನೋಡಲು ಹೋದ ದಿನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆಯಂತೆ. ಹುಡುಗಿಯ ಅಣ್ಣ ಆಫ್ರಿಕಾದ ರೈಲ್ವೆಯಲ್ಲಿದ್ದಾನಂತೆ, ಕಾಗದ ಬರೆಯುತ್ತಾನಾ? ಬರೆಯುತ್ತಾನೆ ಎಂದರು. ಅಪ್ಪ ಒಪ್ಪಿದರು. ಅಮ್ಮ ಇದನ್ನು ನನಗೆ ನಗುತ್ತಲೇ ಹೇಳಿದ್ದಳು, ತನ್ನ ಅಣ್ಣನ ಬಗ್ಗೆ ಅಷ್ಟು ಕಾಳಜಿ ತೋರಿದ ಗಂಡು ಎಂದು ಆಗ ಅಂದುಕೊಂಡಿದ್ದಳಂತೆ.

ಮನೆ ಆಗಾಗ ಬದಲಾಗುತ್ತಿದ್ದುದರಿಂದ ಕಾಗದಗಳೆಲ್ಲ ಅಂಗಡಿಯ ವಿಳಾಸಕ್ಕೆ ಬರುತ್ತಿದ್ದವು. ಅಮ್ಮನ ಅಣ್ಣ, ನನ್ನ ಮಾವ, ಬರೆಯುತ್ತಿದ್ದುದು ಮಡಚಿದರೆ ತಾನೇ ಲಕೋಟೆಯಾಗುವ ತೆಳು ನೀಲಿಯ ಏರ್ ಲೆಟರುಗಳಲ್ಲಿ. ಅವುಗಳ ಸ್ಟಾಂಪು ಕಾಗದದ ಮೇಲೆಯೇ ಅಚ್ಚಾಗಿರುತ್ತದೆ, ನೀರಿನಲ್ಲಿ ನೆನೆಹಾಕಿ ಬಿಡಿಸಲು ಬರುವುದಿಲ್ಲ. ಹಾಗಾಗಿ ಅಪ್ಪ ಕತ್ತರಿಯಿಂದ ಆ ಮೂಲೆಯನ್ನು ಚೌಕವಾಗಿ ಕತ್ತರಿಸಿಕೊಂಡು, ಉಳಿದದ್ದನ್ನು ಸಂಜೆ ಅಮ್ಮನಿಗೆ ಕೊಡುತ್ತಿದ್ದರು. ಚೌಕದ ಹಿಂದೆ ಮಾವ ಬರೆದ ನಾಲ್ಕೈದು ಸಾಲು ಅದರ ಜೊತೆಗೇ ಹೋಗುತ್ತಿತ್ತು. ಅಮ್ಮ ತೂತಿನ ಸುತ್ತ ಓದಿಕೊಳ್ಳುತ್ತಿದ್ದಳು.

ನಾನು ಹುಟ್ಟುವ ಮುಂಚೆ ಬಂದ ಒಂದು ಕಾಗದವನ್ನು ಆಮೇಲೆ ನಾನೇ ಎಷ್ಟೋ ಸಲ ಓದಿದ್ದೇನೆ. ‘ರಜೆ ಸಿಕ್ಕಿದೆ. ಹಡಗು ಮದರಾಸಿಗೆ’ ಎಂಬಲ್ಲಿ ತೂತು. ತೂತಿನ ಕೆಳಗೆ, ‘ಬಂದರಿಗೆ ಬಾ. ನಿನ್ನ ಗಂಡನ ಮನೆಗೆ ಕರೆಯದೆ ನಾನು ಬರುವವನಲ್ಲ.’

ಅಮ್ಮ ಅವತ್ತೇ ಕೇಳಿದಳು. “ಸ್ಟಾಂಪಿನ ಹಿಂದೆ ಹಡಗು ಬರೋ ತಾರೀಕು ಇತ್ತು. ಆ ಚೂರು ಎಲ್ಲಿ?”

“ಮಧ್ಯಾಹ್ನವೇ ಮಾರಿದೆ.”

“ಓದಿದ್ರಾ?”

“ಸ್ಟಾಂಪಿನ ಹಿಂದೆ ಯಾರು ಓದ್ತಾರೆ?”

ಯಾರಿಗೆ ಮಾರಿದರೆಂದು ಕೇಳಿದರೆ ಹೇಳಲಿಲ್ಲ. ಗಿರಾಕಿಯ ಮನೆಗೆ ಹೆಂಡತಿಯನ್ನು ಕಳಿಸುವುದು ಮರ್ಯಾದೆಯಲ್ಲ ಎಂದರು. ಮಾವ ಬಂದಿಳಿದು, ಬಂದರಿನ ಬಾಗಿಲಲ್ಲಿ ಸಂಜೆಯವರೆಗೆ ಕಾದು, ಊರಿಗೆ ಹೋದರು. ತಂಗಿ ಈಗ ದೊಡ್ಡ ಮನುಷ್ಯಳಾಗಿಬಿಟ್ಟಿದ್ದಾಳೆ ಎಂದು ಅಜ್ಜಿಯ ಹತ್ತಿರ ಹೇಳಿದರಂತೆ. ಅಮ್ಮನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಹಡಗು ಹತ್ತಿ ಹೊರಟುಹೋಗಿದ್ದರು. ಮತ್ತೆ ಕಾಗದ ಬರೆಯಲಿಲ್ಲ. ಎರಡು ವರ್ಷದಲ್ಲಿ ಅಲ್ಲೇ ಜ್ವರದಲ್ಲಿ ತೀರಿಕೊಂಡರು.

ಅಮ್ಮ ಸಂಸಾರ ಮಾಡಿದಳು. ಅಂಗಡಿಗೆ ಬರುವ ಲಕೋಟೆಗಳನ್ನು ಬೋಗುಣಿಯಲ್ಲಿ ನೆನೆಹಾಕಿ, ಸ್ಟಾಂಪು ಬಿಡಿಸಿ, ಪತ್ರಿಕೆಯ ಮೇಲೆ ಒಣಗಿಸುವುದು ಅವಳ ಕೆಲಸ. ನನಗೂ ಕಲಿಸಿದಳು. ಇನ್ಶೂರೆನ್ಸ್ ಆಫೀಸಿಗೆ ಸೇರುವವರೆಗೆ ನಾನು ಆ ಕೆಲಸದಲ್ಲಿ ಅವಳಿಗಿಂತ ಚುರುಕಾಗಿದ್ದೆ.

ಅಪ್ಪನಿಗೆ ಎಂಬತ್ತಾದಾಗ ಒಂದು ಸಭೆಯಲ್ಲಿ ಸನ್ಮಾನ ಮಾಡಿದರು. ಅಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಪ್ಪ ಮೈಕಿನ ಮುಂದೆ ಹೇಳಿದರು: “ಸ್ಟಾಂಪು ಮುಖ್ಯವಲ್ಲ, ಇಡೀ ಕಾಗದ ಮುಖ್ಯ. ಅಂಚೆಯ ಮುದ್ರೆ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಲಕೋಟೆಯ ಮೇಲೆ ಇರುತ್ತದೆ. ಎರಡನ್ನೂ ಬೇರೆ ಮಾಡಿದವನು ಸಾಕ್ಷಿಯನ್ನು ಕೊಂದ ಹಾಗೆ. ಅಂಥ ಅವಿವೇಕಿಗಳು ನಮ್ಮಲ್ಲಿ ಬಹಳ ಜನ ಇದ್ದರು.” ಚಪ್ಪಾಳೆ ಬಿತ್ತು.

ಮನೆಗೆ ಬರುವಾಗ ಕಾರಿನಲ್ಲಿ ಅಮ್ಮ ಕೇಳಿದಳು. “ನಮ್ಮಣ್ಣನ ಕಾಗದ ಕತ್ತರಿಸಿದವರು ಯಾರು?”

“ಅದು ವ್ಯಾಪಾರ ಕಣೇ. ಇದು ಆರಾಯ್ಚಿ,” ಎಂದರು ಅಪ್ಪ. ಸಂಶೋಧನೆಗೆ ಅವರು ತಮಿಳಿನ ಮಾತನ್ನೇ ಬಳಸುತ್ತಿದ್ದರು. “ರೈಲ್ವೆ ಗುಮಾಸ್ತ ತಂಗಿಗೆ ಬರೆದದ್ದೆಲ್ಲ ಚರಿತ್ರೆ ಆಗತ್ತಾ?”

ಅಮ್ಮ ಕಿಟಕಿಯ ಕಡೆ ತಿರುಗಿಕೊಂಡಳು. ನಾನು ಡ್ರೈವರ್ ಪಕ್ಕ ಕೂತಿದ್ದೆ. ಡ್ರೈವರಿಗೆ ಮನೆಯ ತಿರುವು ತೋರಿಸಿದೆ.

ನಾಲ್ಕು ವರ್ಷದ ನಂತರ ಅಪ್ಪನಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಬುದ್ಧಿ ಮಾತ್ರ ಚೆನ್ನಾಗಿತ್ತು, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ನೋಡಿಕೊಳ್ಳಲು ಮೀನುಗಾರರ ಕೇರಿ ಕಾಸಿಮೇಡಿನ ಒಬ್ಬ ಹೆಂಗಸನ್ನು ಇಟ್ಟೆವು, ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದಳು. ನಾನು ಬೆಸೆಂಟ್ ನಗರದ ನನ್ನ ಮನೆಯಿಂದ ಭಾನುವಾರ ಬರುತ್ತಿದ್ದೆ.

ಆ ಭಾನುವಾರ ಬಂದಾಗ ಅಪ್ಪನ ಕೋಣೆಯ ನೆಲದ ತುಂಬಾ ಪತ್ರಿಕೆ ಹಾಸಿತ್ತು. ಅದರ ಮೇಲೆ ರಾಣಿಯ ತಲೆಯ ಸಣ್ಣ ಸಣ್ಣ ಸ್ಟಾಂಪುಗಳು ಒಣಗುತ್ತಿದ್ದವು. ಅಪ್ಪ ಮೂವತ್ತು ವರ್ಷ ಕೂಡಿಟ್ಟು, ಯಾರಿಗೂ ಮುಟ್ಟಲು ಬಿಡದೆ ಬೀರುವಿನಲ್ಲಿಟ್ಟಿದ್ದ ಲಕೋಟೆಗಳವು. ಅವರ ಬರಹವೆಲ್ಲ ನಿಂತಿದ್ದದ್ದೇ ಅವುಗಳ ಮೇಲೆ. ಅಮ್ಮ ಮಂಚದ ಪಕ್ಕ ಮಣೆ ಹಾಕಿಕೊಂಡು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದೊಂದಾಗಿ ಮುಳುಗಿಸುತ್ತಿದ್ದಳು. ಶಾಯಿ ಬಿಟ್ಟು ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅಪ್ಪನ ಎಡಗೈ ಮಂಚದ ಕಂಬಿಯನ್ನು ಬಡಿಯುತ್ತಲೇ ಇತ್ತು.

“ಯಾವತ್ತಿಂದ?” ಎಂದೆ.

“ಗುರುವಾರದಿಂದ. ಬೀರುವಿನ ಕೆಳಗಿನ ಎರಡು ಖಾನೆ ಇನ್ನೂ ಇದೆ.”

ಕಾಸಿಮೇಡಿನ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. “ಪಾವಂ ಅಮ್ಮಾ, ವೇಂಡಾಂ,” ಪಾಪ, ಬೇಡ ಎಂದು ಅಂಗಲಾಚುತ್ತಾ ಒಳಗೆ ಬಂದು ಅಪ್ಪನ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅಮ್ಮ ಎದ್ದು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಅಪ್ಪನ ಗಲ್ಲ ಹಿಡಿದು ಮತ್ತೆ ಈ ಕಡೆಗೆ ತಿರುಗಿಸಿದಳು. ತಲೆ ಜಾರದಂತೆ ದಿಂಬು ಒತ್ತು ಕೊಟ್ಟಳು.

“ನೋಡ್ಲಿ. ಅವರೇ ಹೇಳಿಕೊಟ್ಟ ಕೆಲಸ.”

ಆ ಹೆಂಗಸು ಅಲ್ಲೇ ಚೀಲ ಎತ್ತಿಕೊಂಡಳು. ನಮ್ಮಲ್ಲಿ ಮೀನನ್ನು ಕೂಡ ಸತ್ತ ಮೇಲೆ ಕುಯ್ಯುತ್ತೇವೆ ಎಂದು ತಮಿಳಿನಲ್ಲಿ ನನ್ನ ಮುಖಕ್ಕೇ ಹೇಳಿ ಹೋದಳು. ಮತ್ತೆ ಬರಲಿಲ್ಲ.

ನಾನು ಅಮ್ಮನನ್ನು ತಡೆಯಬಹುದಿತ್ತು. ಎಂಬತ್ತರ ಹತ್ತಿರದ ಮುದುಕಿ, ನಾನು ಬಕೆಟ್ ಎತ್ತಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಮಾಡಿದ್ದೆಂದರೆ ಅಪ್ಪನ ಮೇಜಿನಿಂದ ಚಿಮುಟ ತಂದು ಅವಳ ಎದುರು ಕೂತದ್ದು. ಎಷ್ಟು ನೆನೆದರೆ ಗೋಂದು ಬಿಡುತ್ತದೆಂದು ಬೆರಳಿಗೆ ಇನ್ನೂ ಗೊತ್ತಿತ್ತು. ಸಿಪಾಯಿಯೊಬ್ಬ ಬರ್ಮಾದಿಂದ ಮನೆಗೆ ಬರೆದ ಲಕೋಟೆಯೊಂದಿತ್ತು, ಅಪ್ಪ ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದುದು. ಅದನ್ನು ಬಿಡಿಸುವಾಗ ನಾನು ತಲೆಯೆತ್ತಿ ಅಪ್ಪನನ್ನು ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಕೈ ಬಡಿತ ನಿಂತಿತ್ತು. ನನಗೆ ಆಗ ಆದದ್ದು ಸಂತೋಷ. ಅದಕ್ಕೆ ಬೇರೆ ಹೆಸರಿಡಲು ಎಷ್ಟು ವರ್ಷ ಪ್ರಯತ್ನಿಸಿದರೂ ಆಗಲಿಲ್ಲ.

ಸಂಜೆಗೆ ಬೀರು ಖಾಲಿಯಾಯಿತು. ಅಮ್ಮ ನೆಲ ಒರೆಸಿ, ಗಂಜಿ ಕಾಯಿಸಿ, ಅಪ್ಪನ ಕತ್ತಿಗೆ ಟವೆಲ್ ಸುತ್ತಿ ತಿನ್ನಿಸಿದಳು. ಅವರು ತಿಂದರು.

ಕೆಲಸದವಳು ಬಿಟ್ಟದ್ದರಿಂದ ನಾನು ರಜೆ ಹಾಕಿ ಅಲ್ಲೇ ಉಳಿದೆ. ಮರುದಿನ ನಾನು ಚಮಚ ಹಿಡಿದೆ. ಅಪ್ಪ ಹಲ್ಲು ಕಚ್ಚಿಕೊಂಡರು. ಗಂಜಿ ಗಲ್ಲದ ಮೇಲೆ ಇಳಿಯಿತು. ಹಸಿವಿಲ್ಲವೇನೋ ಅಂದುಕೊಂಡೆ. ಅಮ್ಮ ಚಮಚ ತೆಗೆದುಕೊಂಡ ಕೂಡಲೇ ಬಾಯಿ ತೆರೆದರು. ನೀರೂ ಹಾಗೆಯೇ, ಮಾತ್ರೆಯೂ ಹಾಗೆಯೇ. ಮೂರು ವಾರ, ಕೊನೆಯ ದಿನದವರೆಗೂ, ನನ್ನ ಕೈಯಿಂದ ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ.

ಅವರು ಹೋದ ಮೇಲೆ ಒಂದು ಮಧ್ಯಾಹ್ನ, ಹುರುಳಿಕಾಯಿ ಮುರಿಯುತ್ತಾ ಅಮ್ಮ ಕೇಳಿದಳು.

“ನಾನು ನಮ್ಮಣ್ಣನಿಗೋಸ್ಕರ ಮಾಡ್ದೆ. ಅದು ಅವರಿಗೂ ಗೊತ್ತಿತ್ತು. ನೀನ್ಯಾಕೆ ಕೂತೆ? ನಿನಗೇನು ಮಾಡಿದ್ರು ಅವರು?”

ನನಗೆ ಅವರು ಏನೂ ಮಾಡಿರಲಿಲ್ಲ. ಓದಿಸಿದ್ದರು, ಮದುವೆ ಮಾಡಿದ್ದರು, ಭಾನುವಾರ ಬೀಚಿಗೆ ಕರೆದುಕೊಂಡು ಹೋಗಿದ್ದರು.

“ನಿನಗೆ ಸಹಾಯ ಆಗ್ಲಿ ಅಂತ,” ಎಂದೆ.

“ನಾನು ಕೇಳಿರ್ಲಿಲ್ಲ,” ಎಂದಳು ಅಮ್ಮ, ಮುರಿದ ಕಾಯಿಗಳ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.