ಪಾರ್ವತಮ್ಮನ ದಬರಿಗಳೂ ಲುಂಬಿನಿಯೂ

ಕಾಲೇಜು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದೂ ಒಂದೇ, ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವುದೂ ಒಂದೇ. ಅರಕಲಗೂಡಿನಲ್ಲಿ ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ ಮೇಲೆ ಅಷ್ಟು ನನಗೆ ಗೊತ್ತು. ಆದರೆ ಈ ಸಲ ಎಲ್ಲ ಕಪ್ಪೆಗಳಿಗಿಂತ ಹೆಚ್ಚು ನನ್ನ ತಲೆ ತಿಂದವರು ನಮ್ಮ ಹಾಸ್ಟೆಲಿನ ಅಡುಗೆಯ ಪಾರ್ವತಮ್ಮ.

ನಮ್ಮ ಕಡೆಯ ಪ್ರವಾಸವೆಂದರೆ ಬಸ್ಸಿನ ಜೊತೆಗೆ ಒಲೆ, ದಬರಿ, ರಾಗಿಹಿಟ್ಟು, ಅಡುಗೆಯವರು ಎಲ್ಲ ಹೊರಡಬೇಕು. ಪಾರ್ವತಮ್ಮ ಯಾವತ್ತೂ ಬಂದವರಲ್ಲ. ಈ ಸಲ ಉತ್ತರದ ಪ್ರವಾಸದಲ್ಲಿ ಒಂದು ದಿನ ನೇಪಾಳಕ್ಕೂ ಕಾಲಿಟ್ಟು ಲುಂಬಿನಿ ನೋಡಿ ಬರುವುದೆಂದು ಕಿವಿಗೆ ಬಿದ್ದದ್ದೇ ತಡ, ಸೌಟು ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದು ನಿಂತರು.

"ಮೇಡಮ್ಮೋರೆ, ನಾನೂ ಬತ್ತೀನಿ. ಆಯಮ್ಮ ಹೆತ್ತ ಜಾಗ ನೋಡ್ಬೇಕು."

ಆಯಮ್ಮ ಅಂದರೆ ಮಾಯಾದೇವಿ, ಬುದ್ಧನ ತಾಯಿ. ಪಾರ್ವತಮ್ಮ ಹಾಸನದ ಕಡೆಯ ಮೊಸಳೆ ಎಂಬ ಊರಿನ ಹತ್ತಿರದ ಹಳ್ಳಿಯ ಸೊಸೆ, ಬಾಗೂರಿನ ಮಗಳು. ಚೊಚ್ಚಲ ಬಸುರಿ ತವರಿಗೆ ಹೊರಟಾಗ ಅತ್ತೆ ಲಕ್ಕಮ್ಮ "ಅಮಾಸೆ ಕಳೀಲಿ" ಅಂದಳಂತೆ. ಇವರು ಕೇಳದೆ ತಮ್ಮನ ಜೊತೆ ಬಸ್ಸು ಹತ್ತಿದರು. ಚನ್ನರಾಯಪಟ್ಟಣ ದಾಟುತ್ತಲೇ ನೋವು ಶುರುವಾಯಿತು. ರಸ್ತೆಬದಿಯಲ್ಲಿ ಇಳಿದು, ಹೊಂಗೆಮರದ ಕೊಂಬೆ ಹಿಡಿದು ನಿಂತೇ ಹೆತ್ತರು. ಆ ಮಗ ಗೌತಮ್ ಈಗ ಹಾಸನದಲ್ಲಿ ಲೈನ್‌ಮನ್. ಲಕ್ಕಮ್ಮ ಮಾತ್ರ ಸಾಯುವ ತನಕ ಸೊಸೆಯನ್ನು ಹೆಸರು ಹಿಡಿದು ಕರೆಯಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ "ದಾರೀಲಿ ಹೆತ್ತೋಳು" ಎಂದೇ ಬೈಗುಳ. ಊರಿನ ಬುದ್ಧಪೂರ್ಣಿಮೆಯಲ್ಲಿ ಭಾಷಣ ಮಾಡಲು ಬಂದವರು, ಮಾಯಾದೇವಿಯೂ ತವರಿಗೆ ಹೊರಟವಳು ದಾರಿಯಲ್ಲೇ ಕೊಂಬೆ ಹಿಡಿದು ಹೆತ್ತಳು ಎಂದರು. ಅವತ್ತಿನಿಂದ ಇವರಿಗೆ ಅದನ್ನು ಕಣ್ಣಾರೆ ನೋಡುವ ಹಟ. ಇಂಥ ಹಟಕ್ಕೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಕರೆದುಕೊಂಡು ಹೋದೆ, ಅನುಭವಿಸಿದೆ.

ಕಾಶಿಯಲ್ಲಿ ಎಲ್ಲರೂ ಗಂಗೆಗೆ ಹೋದರೆ ಪಾರ್ವತಮ್ಮ ದಬರಿ ಕಾಯುತ್ತಾ ಕೂತರು. ಸಾರನಾಥದಲ್ಲೂ ಅದೇ. "ನೀವ್ ಓಗ್ಬನ್ನಿ, ಸಾಮಾನು ಯಾರ್ ನೋಡ್ಕತಾರೆ?" ಹಾಸ್ಟೆಲಿನ ದಬರಿಯನ್ನು ಯಾರೋ ಹೊತ್ತುಕೊಂಡು ಓಡುತ್ತಾರೆಂದು ಆಕೆಗೆ ಅದೆಂಥ ಭಯವೋ. ಹೇಳಿ ಹೇಳಿ ನನ್ನ ಗಂಟಲು ಹರಿಯಿತು.

ನೇಪಾಳದ ಗಡಿಯಲ್ಲಿ ನಮ್ಮ ಡ್ರೈವರ್ ದೇವರಾಜು ಎರಡು ದೇಶಗಳ ನಡುವೆ, ಸರಿಯಾಗಿ ಕಮಾನಿನ ಕೆಳಗೆ ಬಸ್ಸು ನಿಲ್ಲಿಸಿದ. ಚಕ್ರಕ್ಕೆ ನಿಂಬೆಹಣ್ಣು ಇಟ್ಟ. ಅರಕಲಗೂಡು ಸಂತೆಯಿಂದ ಡಿಕ್ಕಿಯಲ್ಲಿಟ್ಟು ತಂದಿದ್ದ ಬೂದುಗುಂಬಳವನ್ನು ಹೊರತೆಗೆದ.

"ಬ್ಯಾರೆ ದೇಸ ಮೇಡಂ, ಗಾಡಿಗೆ ದೃಷ್ಟಿ ಆಗ್ಬಾರ್ದು."

ಹಿಂದೆ ಲಾರಿಗಳು ಬಾಯಿ ಬಡಿದುಕೊಳ್ಳುತ್ತಿದ್ದವು. ಕುಂಬಳಕಾಯಿ ಅರ್ಧ ಭಾರತಕ್ಕೂ ಅರ್ಧ ನೇಪಾಳಕ್ಕೂ ಸಿಡಿಯಿತು. ಎರಡೂ ಕಡೆಯ ಪೊಲೀಸರು ಓಡಿಬಂದರು. ಅವರ ಕೈಕಾಲು ಹಿಡಿದು ಹೋಳು ಗುಡಿಸಿದ್ದು ಇತಿಹಾಸದ ಉಪನ್ಯಾಸಕಿ ಶ್ರೀಗೌರಿ, ಅಂದರೆ ನಾನು. ಆಮೇಲೆ ಒಬ್ಬ ಪೇದೆ ರಾಗಿಹಿಟ್ಟಿನ ಮೂಟೆಗೆ ಲಾಠಿ ಚುಚ್ಚಿದ.

"ರಾಗಿ ಕಣಪ್ಪ, ರಾಗಿ! ಬೇಕಾದ್ರೆ ಒಂದ್ ಹಿಡಿ ಮುಕ್ಕು!" ಎಂದು ಪಾರ್ವತಮ್ಮ ಅವನ ಮುಖಕ್ಕೇ ಹಿಟ್ಟು ಹಿಡಿದರು. ಅವನು ಮೂಸಿ ನೋಡಿ "ಕೋದೋ!" ಎಂದು ನಕ್ಕು ಬಿಟ್ಟುಬಿಟ್ಟ. ಅಲ್ಲಿಯೂ ರಾಗಿ ತಿನ್ನುತ್ತಾರಂತೆ. ಅಷ್ಟರಲ್ಲಿ ಜಯಂತ್ ಎಂಬ ಮಹಾನುಭಾವ ವೋಟರ್ ಕಾರ್ಡು ಮನೆಯಲ್ಲಿ ಬಿಟ್ಟು ಬಂದಿರುವುದು ಬೆಳಕಿಗೆ ಬಂತು. ಹೊಳೆನರಸೀಪುರದಿಂದ ಅವರಪ್ಪ ಅದರ ಫೋಟೋ ಕಳಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಬಸ್ಸಿಗೆ ಸಿಕ್ಕಿದ್ದು ಒಂದೇ ದಿನದ ಪರವಾನಗಿ. ಸಂಜೆಯೊಳಗೆ ವಾಪಸ್ಸು ಗಡಿ ದಾಟಲೇಬೇಕು.

ಲುಂಬಿನಿಯಲ್ಲಿ ಒಂದೊಂದು ದೇಶದವರು ಒಂದೊಂದು ವಿಹಾರ ಕಟ್ಟಿದ್ದಾರೆ. ಬ್ಯಾಟರಿ ಆಟೋ ಹತ್ತಿದ ಮಕ್ಕಳಲ್ಲಿ ಅರ್ಧ ಜನ ಬೇರೆ ಯಾವುದೋ ದೇಶದ ವಿಹಾರದ ಮುಂದೆ ಇಳಿದು, ಇದೇ ಬುದ್ಧ ಹುಟ್ಟಿದ ಜಾಗ ಎಂದು ಸೆಲ್ಫಿ ತೆಗೆದು, ಕೈಮುಗಿದು, ಐಸ್‌ಕ್ರೀಂ ತಿನ್ನುತ್ತಾ ಕೂತಿದ್ದರು. ಅವರನ್ನೆಲ್ಲ ಹುಡುಕಿ, ಬೈದು, ಮಾಯಾದೇವಿ ಗುಡಿಯ ಒಳಗೆ ತಳ್ಳಿ, ಸುತ್ತು ಹಾಕಿಸಿ ಹೊರಗೆ ಕರೆತಂದೆ. ನೋಡಿದರೆ ಪಾರ್ವತಮ್ಮ ಮರದ ಕೆಳಗೆ, ಮಕ್ಕಳ ಊಟಕ್ಕೆಂದು ಬಸ್ಸಿನಿಂದ ಇಳಿಸಿದ್ದ ದಬರಿಗಳ ಪಕ್ಕದಲ್ಲಿ ಕೂತಿದ್ದಾರೆ!

"ಒಳಗೆ ಹೋಗಲಿಲ್ಲವಾ?"

"ಚಪ್ಲಿ, ದಬರಿ ಎಲ್ಲಾ ಬಿಟ್ಟು ಎಂಗೋಗದು? ಓಗ್ಲಿ ಬುಡಿ. ಇಷ್ಟು ಹತ್ರ ಬಂದ್ನಲ್ಲಾ, ಸಾಕು."

ನನ್ನ ಪಿತ್ತ ನೆತ್ತಿಗೇರಿತು. ಅಷ್ಟು ದೂರದಿಂದ ಬಂದದ್ದು ದಬರಿಗೆ ಲುಂಬಿನಿ ತೋರಿಸಲಿಕ್ಕಾ?

"ಏಳಿ ಮೇಲೆ! ದಬರಿ ನಾನು ಕಾಯ್ತೀನಿ. ನೀವು ಒಳಗೆ ಹೋಗದಿದ್ದರೆ ನಾನೂ ಇಲ್ಲಿಂದ ಏಳಲ್ಲ, ಬಸ್ಸೂ ಹೊರಡಲ್ಲ" ಎಂದು ಅವರ ಜಾಗದಲ್ಲಿ ಕುಕ್ಕರಿಸಿದೆ. ಮಕ್ಕಳು ಬಾಯಿಬಿಟ್ಟು ನೋಡಿದರು. ಪಾರ್ವತಮ್ಮ ಸೆರಗು ಸರಿಮಾಡಿಕೊಂಡು, ಎರಡು ಸಲ ಹಿಂದೆ ತಿರುಗಿ ದಬರಿ ನೋಡಿ, ಒಳಗೆ ಹೋದರು.

ಹೋದವರು ಬರಲೇ ಇಲ್ಲ. ಹೊತ್ತು ಇಳಿಯಿತು. ದೇವರಾಜು ಫೋನಿನ ಮೇಲೆ ಫೋನು. ನಾನೇ ಹೋಗಿ ಎಳೆದು ತರೋಣವೆಂದರೆ ಮಕ್ಕಳನ್ನು ಬಸ್ಸಿಗೆ ಕಳಿಸಿಯಾಗಿತ್ತು, ದಬರಿ ಬಿಟ್ಟು ಹೇಗೆ ಹೋಗಲಿ? ಆ ದಬರಿಗಳಿಗೆ ಶಾಪ ಹಾಕುತ್ತಾ ಕೂತೆ.

ಕೊನೆಗೂ ಬಂದರು. ಕಣ್ಣು ಕೆಂಪಾಗಿತ್ತು. ನನ್ನ ಪಕ್ಕದಲ್ಲಿ ಕೂತರು.

"ಕಲ್ಲಲ್ಲಿ ಕೆತ್ತವ್ರೆ ಮೇಡಮ್ಮೋರೆ. ಮೊಕ ಎಲ್ಲ ಸವ್ದೋಗದೆ. ಆದ್ರೆ ಕೈ ಮೇಲೆತ್ತಿ ಕೊಂಬೆ ಹಿಡ್ಕಂಡಿರದು ಗೊತ್ತಾಯ್ತದೆ. ನಾನೂ ಅಂಗೇ ಹಿಡ್ಕಂಡಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಆಯಮ್ಮಂಗೆ ಗುಡಿ ಕಟ್ಟವ್ರೆ. ಯಾವ್ಯಾವ್ದೋ ದೇಸದೋರು ಬಂದು ಅಡ್ಡ ಬೀಳ್ತಾವ್ರೆ. ನಂಗೆ ನಮ್ಮತ್ತೆ ಸಾಯಗಂಟ ಬೈದ್ಲು."

ನನಗೆ ಸಂಕಟವಾಯಿತು. ಅಷ್ಟರಲ್ಲಿ ಅವರು ದಬರಿಗಳತ್ತ ಕಣ್ಣು ಹಾಯಿಸಿ, "ಸಾರಿನ ಸೌಟೆಲ್ಲಿ? ಇಷ್ಟೊತ್ತು ಏನ್ ಕಾದ್ರಿ ನೀವು?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಸೌಟು ಸಿಗಲೇ ಇಲ್ಲ.

ಬಸ್ಸಿನ ಹತ್ತಿರ ದೇವರಾಜು ಕೆಂಡ ಕಾರುತ್ತಿದ್ದ. "ಗೇಟ್ ಆಕ್ಬುಟ್ರೆ ಏನ್ ಗತಿ? ಇಷ್ಟೊತ್ ಮಾಡ್ದೋರು ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಪಾರ್ವತಮ್ಮ ದಬರಿಯನ್ನು ಸೊಂಟಕ್ಕೆ ಏರಿಸಿಕೊಂಡು ಮುಂದೆ ಬಂದರು.

"ನಾನೇ ಕಣ್ಲಾ. ದಾರೀಲಿ ಹೆತ್ತೋಳು. ಏನಿವಾಗ?"

ದೇವರಾಜು ತೆಪ್ಪಗೆ ಬಾಗಿಲು ತೆಗೆದ.